ಕಾಫಿ ಗೋದಾಮಿನಲ್ಲಿದ್ದ ರೇಸ್ ದೋಣಿ: ರಿಪೇರಿಯ ನನ್ನ ಅನುಭವ

ಮರದ ದೋಣಿ ರಿಪೇರಿ ಅಂದರೆ ಎಲ್ಲರೂ ಉಳಿ, ಕೀಸುಳಿ ನೆನೆಸಿಕೊಳ್ಳುತ್ತಾರೆ. ನಾನು ಸುಂಟಿಕೊಪ್ಪ ಕಡೆ ಮರಗೆಲಸ ಮಾಡುವವನು, ನಾನೂ ಹಾಗೇ ಅಂದುಕೊಂಡಿದ್ದೆ. ಕೈ ಹಾಕಿದ ಮೇಲೆ ಗೊತ್ತಾಯಿತು, ಇದರಲ್ಲಿ ಅರ್ಧಕ್ಕಿಂತ ಜಾಸ್ತಿ ಅಂಟಿನ ಕೆಲಸ. ಅಂಟಿಗೆ ಬೇಕಾದ್ದು ಒಣ ಹವೆ. ಕೊಡಗಿನಲ್ಲಿ ಅದೇ ಕಷ್ಟ!

ದೋಣಿ ಒಬ್ಬ ನಿವೃತ್ತ ಕರ್ನಲ್ ಅವರದ್ದು. ಸೈನ್ಯದ ಕ್ಲಬ್ ಒಂದು ಹಳತೆಂದು ಬಿಟ್ಟದ್ದನ್ನು ತಂದು ತೋಟದ ಗೋದಾಮಿನ ಅಟ್ಟದಲ್ಲಿ ಮಗುಚಿ ಇಟ್ಟಿದ್ದರು. ಎಂಟರ್‌ಪ್ರೈಸ್ ಜಾತಿಯದು, ಇಬ್ಬರು ಓಡಿಸುವ ಹಾಯಿದೋಣಿ, ಉದ್ದ 4.04 ಮೀಟರ್. ಇಂಗ್ಲೆಂಡಿನ ಜ್ಯಾಕ್ ಹೋಲ್ಟ್ ಇದನ್ನು ರೂಪಿಸಿದ್ದು. ನ್ಯೂಸ್ ಕ್ರಾನಿಕಲ್ ಪತ್ರಿಕೆ ಬೆನ್ನಿಗಿತ್ತು. ಪ್ರಚಾರಕ್ಕೆ ಅಂತ 1956ರ ಜನವರಿ ಚಳಿಯಲ್ಲಿ, ಅದೂ ರಾತ್ರಿ, ಎರಡು ದೋಣಿಗಳನ್ನು ಇಂಗ್ಲಿಷ್ ಕಡಲ್ಗಾಲುವೆ ದಾಟಿಸಿದರಂತೆ. ಪ್ಲೈವುಡ್ ಕೊಯ್ದು ಮನೆಯ ಶೆಡ್‌ನಲ್ಲೇ ಕಟ್ಟಬಹುದು ಅನ್ನುವುದಕ್ಕೇ ಇದು ಅಷ್ಟು ಹರಡಿತು. ನೀಲಿ ಹಾಯಿ ಇದರ ಗುರುತು. 1982ರ ಏಷ್ಯನ್ ಗೇಮ್ಸ್‌ನ ಹಾಯಿದೋಣಿ ರೇಸ್ ಮುಂಬೈಯಲ್ಲಿ ನಡೆದಾಗ ಎಂಟರ್‌ಪ್ರೈಸ್ ಕೂಡ ಇತ್ತು. ಚಿನ್ನ ಪಾಕಿಸ್ತಾನದ ಬೈರಾಮ್ ಅವಾರಿ ಜೋಡಿಗೆ ಹೋಯಿತು. ಈ ಮಾತು ತೆಗೆದರೆ ಕರ್ನಲ್‌ಗೆ ಇವತ್ತಿಗೂ ಮುಖ ಸಣ್ಣದಾಗುತ್ತದೆ.

ಮೊದಲು ಸ್ಕ್ರೂಡ್ರೈವರ್ ಹಿಡಿಯಿಂದ ಇಡೀ ಮೈ ತಟ್ಟಿ ನೋಡಿದೆ. ಗಟ್ಟಿ ಇದ್ದ ಕಡೆ ಟಣ್ ಅನ್ನುತ್ತಿತ್ತು. ಪದರ ಬಿಟ್ಟ ಕಡೆ ಸದ್ದು ಮೊದ್ದು. ಪುಣ್ಯಕ್ಕೆ ಗೆದ್ದಲು ಹಿಡಿದಿರಲಿಲ್ಲ. ಆ ಕಾಲದ ದೋಣಿಗಳಲ್ಲಿ ಯೂರಿಯಾ ಅಂಟು ಬಳಸಿದ್ದೇ ಜಾಸ್ತಿ. ಸೆಖೆ ಮತ್ತು ತೇವ ಎರಡೂ ಸೇರಿದರೆ ಅದು ವರ್ಷಗಳು ಕಳೆದಂತೆ ಪುಡಿಯಾಗುತ್ತದೆ. ಹಿತ್ತಾಳೆ ಸ್ಕ್ರೂಗಳು ಹೊರಗಿನಿಂದ ಚೆನ್ನಾಗಿದ್ದವು. ಬಿಚ್ಚಿದರೆ ಕೆಲವು ಗುಲಾಬಿ ಬಣ್ಣಕ್ಕೆ ತಿರುಗಿದ್ದವು. ಉಪ್ಪುನೀರು ಹಿತ್ತಾಳೆಯೊಳಗಿನ ಸತುವನ್ನು ತಿಂದುಹಾಕಿದರೆ ಹಾಗಾಗುವುದು. ತಾಮ್ರ ಮಾತ್ರ ಉಳಿಯುತ್ತದೆ, ತಿರುಗಿಸಿದರೆ ಪಟ್ ಅಂತ ಮುರಿಯುತ್ತದೆ. ಅಂದರೆ ದೋಣಿ ಒಂದು ಕಾಲದಲ್ಲಿ ಕಡಲು ಕಂಡಿದೆ.

ತಳದ ಪ್ಲೈವುಡ್ ಕೆಟ್ಟಷ್ಟೇ ಭಾಗ ಕತ್ತರಿಸಿ ತೆಗೆದೆ. ಹೊಸದಕ್ಕೆ ಐಎಸ್ 710 ಅನ್ನುವ ಭಾರತೀಯ ಮಾನಕದ ಗುರುತಿನ ಮರೈನ್ ಪ್ಲೈ, ಅಂದರೆ ನೀರಿಗೆ ತಾಳುವ ಪ್ಲೈವುಡ್. 72 ಗಂಟೆ ಕುದಿಸಿದರೂ ಪದರ ಬಿಡಬಾರದು ಅನ್ನುವುದು ಅದರ ಪರೀಕ್ಷೆ. ಹೊಸದನ್ನು ಹಳೆಯದಕ್ಕೆ ಸುಮ್ನೆ ಅಂಚಿಗೆ ಅಂಚು ಇಟ್ಟು ಕೂಡಿಸಿದರೆ ನಿಲ್ಲುವುದಿಲ್ಲ. ಎರಡರ ಅಂಚನ್ನೂ ದಪ್ಪದ ಎಂಟು ಪಟ್ಟು ಉದ್ದಕ್ಕೆ ಇಳಿಜಾರಾಗಿ ಕೀಸಬೇಕು. 6 ಮಿ.ಮೀ. ಹಾಳೆಗೆ 48 ಮಿ.ಮೀ. ಇಳಿಜಾರು. ಆ ಎರಡು ಇಳಿಜಾರು ಒಂದರ ಮೇಲೊಂದು ಕೂತಾಗ ಅಂಟಿಗೆ ಹಿಡಿದುಕೊಳ್ಳಲು ಜಾಗ ಸಿಗುತ್ತದೆ.

ಒಳಗಿನ ಉದ್ದ ಪಟ್ಟಿಗಳಿಗೆ ಹೆಬ್ಬಲಸು ಆರಿಸಿದೆ. ಹಳೇ ಮನೆ ಕೆಡವಿದಾಗ ಸಿಕ್ಕ ಬಾಗಿಲ ಚೌಕಟ್ಟು, ಚೆನ್ನಾಗಿ ಒಣಗಿತ್ತು. ಕೇರಳದವರು ಚುಂಡನ್ ವಳ್ಳ, ಅಂದರೆ ಸ್ಪರ್ಧೆಯ ಉದ್ದನೆಯ ಹಾವುದೋಣಿ, ಕಟ್ಟುವುದೂ ಇದೇ ಮರದಲ್ಲಿ, ಅವರು ಆಂಜಿಲಿ ಅನ್ನುತ್ತಾರೆ. ಕರ್ನಲ್ ತೇಗ ಹಾಕು ಅಂದರು. ತೇಗದಲ್ಲಿ ಎಣ್ಣೆ ಇರುತ್ತದೆ, ಅಸಿಟೋನ್‌ನಿಂದ ಒರೆಸದೆ ಎಪಾಕ್ಸಿ (ಎರಡು ದ್ರವ ಬೆರೆಸಿದರೆ ಗಟ್ಟಿಯಾಗುವ ಅಂಟು, ನಾನು ಬಳಸಿದ್ದು ಅದನ್ನೇ) ಹಚ್ಚಿದರೆ ಬಿಟ್ಟುಕೊಳ್ಳುತ್ತದೆ. ಬೇಡ ಅಂದೆ.

ಈಗ ಹವೆಯ ಮಾತು. ಎಪಾಕ್ಸಿ ಕೆಲಸಕ್ಕೆ ಜನವರಿಯಿಂದ ಏಪ್ರಿಲ್ ಒಳ್ಳೆ ಕಾಲ. ಆದರೆ ರೊಬಸ್ಟಾ ಕುಯ್ಲೂ ಆಗಲೇ ಅಲ್ವಾ? ಕಣದ ತುಂಬ ಕಾಫಿ, ಗೋದಾಮಿನ ತುಂಬ ಮೂಟೆ. "ನೋಡಪ್ಪ, ಕಾಫಿ ಮೊದಲು, ದೋಣಿ ಆಮೇಲೆ" ಅಂತ ಕರ್ನಲ್ ಖಡಾಖಂಡಿತ ಹೇಳಿಬಿಟ್ಟರು. ಕಣದ ಮೂಲೆಯಲ್ಲಿ ಟಾರ್ಪಾಲ್ ಕಟ್ಟಿಕೊಂಡು ಕೆಲಸ ಮಾಡಿದೆ. ಕಾಫಿ ಹೂ ಅರಳಿಸುವ ಮಾರ್ಚಿನ ಹೂಮಳೆ ಬಂದಾಗ ಇಡೀ ತೋಟ ಖುಷಿಪಟ್ಟಿತು, ನಾನೊಬ್ಬ ಬೈದುಕೊಂಡೆ. ತೇವದ ಹವೆಯಲ್ಲಿ ಗಟ್ಟಿಯಾದ ಎಪಾಕ್ಸಿ ಮೇಲೆ ಮೇಣದಂಥ ಪೊರೆ ಕೂರುತ್ತದೆ. ಮರಳು ಕಾಗದ ಹಿಡಿಯುವ ಮೊದಲೇ ಅದನ್ನು ಬರೀ ನೀರಿನಲ್ಲಿ ಉಜ್ಜಿ ತೊಳೆಯಬೇಕು. ಇಲ್ಲದಿದ್ದರೆ ಮುಂದಿನ ಕೋಟ್ ಹಿಡಿಯುವುದಿಲ್ಲ. ಬಿಸಿಲಿಗೆ ಎಪಾಕ್ಸಿ ತಾಳುವುದಿಲ್ಲ, ಹಾಗಾಗಿ ಮೇಲೆ ವಾರ್ನಿಶ್ ಬೇಕೇ ಬೇಕು. ಮೊದಲ ಕೋಟ್ ಟರ್ಪೆಂಟೈನ್ ಬೆರೆಸಿ ತೆಳುವಾಗಿ ಹಚ್ಚಿದೆ.

ಮಳೆಗಾಲ ಪೂರ್ತಿ ದೋಣಿ ಮತ್ತೆ ಅಟ್ಟದಲ್ಲಿ. ಮಳೆ ನಿಂತು, ಹಾರಂಗಿ ಹಿನ್ನೀರು ತುಂಬಿರುವಾಗ, ಅನುಮತಿ ತೆಗೆದುಕೊಂಡು ಇಳಿಸಿದೆವು. ಅದಕ್ಕೂ ಮುಂಚೆ ಮೂಟೆ ತೂಗುವ ತಕ್ಕಡಿಯಲ್ಲಿ ತೂಗಿದ್ದೆವು. ರೇಸ್ ದೋಣಿಗೆ ತೂಕವೇ ಜೀವ, ಮನೆ ಪೀಠೋಪಕರಣದ ಹಾಗೆ ದಪ್ಪ ಮರ ಹಾಕುವಂತಿಲ್ಲ. ಕರ್ನಲ್ ಅಂದುಕೊಂಡದ್ದಕ್ಕಿಂತ ತುಸು ಭಾರ ಬಂತು. "ವಾರ್ನಿಶ್ ಜಾಸ್ತಿ ಕುಡಿಸಿದ್ದೀಯ" ಅಂದರು. ಇರಬಹುದು. ಈ ಬೇಸಿಗೆಗೆ ಕೂರುವ ಹಲಗೆಯ ಅಡಿಭಾಗ ಕೀಸಿ ಹಗುರ ಮಾಡಿಕೊಡು ಅಂದಿದ್ದಾರೆ, ಕಾಫಿ ಮುಗಿದ ಮೇಲೆ.