ಫಿಲೆಮೋನನ ಪತ್ರ, ಎರಡು ಸರಪಳಿ: ದೈವಪ್ರೇರಣೆಯ ಪಾಠ ಕೊನೆಗೂ ಹಿಡಿದದ್ದು ಹೀಗೆ

ಬೈಬಲ್ ಅಧ್ಯಯನ ನಡೆಸುವವರಿಗೆ 2 ತಿಮೊಥೆಯ 3:16, ಅಂದರೆ ಶಾಸ್ತ್ರವೆಲ್ಲ ದೈವಪ್ರೇರಿತ ಎನ್ನುವ ವಚನ, ಬಾಯಿಪಾಠ. ಪಾಠ ಕೆಡುವುದೂ ಅಲ್ಲಿಂದಲೇ. ಅದರಿಂದ ಶುರುಮಾಡಿದ ಮೂರು ತಂಡಗಳಲ್ಲೂ ಹತ್ತನೇ ನಿಮಿಷಕ್ಕೆ ಒಂದೇ ಪ್ರಶ್ನೆ: 'ಪುಸ್ತಕ ತನಗೆ ತಾನೇ ಸರ್ಟಿಫಿಕೇಟ್ ಕೊಟ್ಟುಕೊಂಡರೆ ಆಯಿತೇ?' ಇನ್ನೊಂದು ತೊಡಕು ನಮ್ಮ ಕನ್ನಡದ್ದು. 'ದೈವಪ್ರೇರಿತ' ಎಂದೊಡನೆ ಕವಿಗೆ ಬರುವ ಸ್ಫೂರ್ತಿ ನೆನಪಾಗುತ್ತದೆ. ಆ ವಚನದ ಮೂಲ ಗ್ರೀಕ್ ಪದ 'ಥೆಯೊಪ್ನ್ಯೂಸ್ತೊಸ್' ಹೇಳುವುದು ಬರೆದವನ ಬಗ್ಗೆ ಅಲ್ಲ, ಬರಹದ ಬಗ್ಗೆ: ದೇವರು ಉಸಿರಿದ್ದು.

ಈಗ ಪಾಠದ ಮೊದಲ ವಾರ, ಬರೆದವರು ಮನುಷ್ಯರೇ ಎಂದು ತೋರಿಸುವ ಮುಜುಗರದ ವಚನಗಳನ್ನೇ ಓದಿಸುತ್ತೇನೆ. ಪತ್ರಗಳನ್ನು ಬರೆದ ಅಪೊಸ್ತಲ ಪೌಲ ತ್ರೋವ ಊರಲ್ಲಿ ಬಿಟ್ಟುಬಂದ ಮೇಲಂಗಿ ತರಿಸಿಕೊಳ್ಳುತ್ತಾನೆ (2 ತಿಮೊಥೆಯ 4:13). ಸ್ತೆಫನನ ಮನೆಯವರ ಹೊರತು ಬೇರೆ ಯಾರಿಗಾದರೂ ದೀಕ್ಷಾಸ್ನಾನ ಕೊಟ್ಟೆನೋ ಏನೋ ನೆನಪಿಲ್ಲ ಎನ್ನುತ್ತಾನೆ (1 ಕೊರಿಂಥ 1:16). ರೋಮಾಪುರದವರಿಗೆ ಬರೆದ ಪತ್ರದ ಕೊನೆಯಲ್ಲಿ, ಪೌಲ ಹೇಳಿದ್ದನ್ನು ಬರೆದುಕೊಂಡ ತೆರ್ತ್ಯ ತಾನೇ ವಂದನೆ ಹೇಳುತ್ತಾನೆ. ಸುವಾರ್ತೆ ಬರೆದ ಲೂಕ ವಿಚಾರಿಸಿ ಬರೆದೆ ಎನ್ನುತ್ತಾನೆ. ದೇವರು ಹೇಳುತ್ತಾ ಹೋದ, ಇವರು ಬರೆದುಕೊಂಡರು ಎಂಬ ಕಲ್ಪನೆ ವಾದವಿಲ್ಲದೆ ಸಡಿಲುತ್ತದೆ.

ಆಮೇಲೆ 2 ಪೇತ್ರ 1:21. ಪವಿತ್ರಾತ್ಮ ಪ್ರವಾದಿಗಳನ್ನು 'ಒಯ್ದ' ಎನ್ನುವ ಕ್ರಿಯಾಪದವೇ ಅಪೊಸ್ತಲರ ಕೃತ್ಯಗಳು 27:15, 17ರಲ್ಲಿ ಗಾಳಿ ಹಡಗನ್ನು ಒಯ್ದದ್ದಕ್ಕೂ ಬಂದಿದೆ. ಕಾರವಾರದ ಬೈತಖೋಲದ ಮೀನುಗಾರರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಗಾಳಿ ಒಯ್ಯುತ್ತಿದ್ದಾಗಲೂ ನಾವಿಕರು ಕೈಕಟ್ಟಿ ಕೂತಿರಲಿಲ್ಲ, ಹಡಗಿಗೆ ಹಗ್ಗ ಬಿಗಿಯುತ್ತಿದ್ದರು. ಆದರೆ ಹೋಲಿಕೆ ಇಲ್ಲಿಗೇ ನಿಲ್ಲಿಸಿ. ಒಮ್ಮೆ ಮುಂದೆ ಎಳೆದೆ. 'ಆ ಹಡಗು ಕೊನೆಗೆ ಒಡೆದೇ ಹೋಯಿತಲ್ಲ ಮಾರಾಯ್ರೆ' ಎಂಬ ಉತ್ತರ ಬಂತು!

ಎರಡನೇ ವಾರ, ಶಾಸ್ತ್ರ ಕೈಯಿಂದ ಕೈಗೆ ಪ್ರತಿಯಾಗಿ ಬಂದದ್ದು ಹೇಗೆಂದು ಬರೆಸಿಯೇ ತೋರಿಸುವ ಪ್ರಯೋಗ. ಇದಕ್ಕೇ ಹಿರಿಯರ ಆಕ್ಷೇಪ: 'ನಂಬಿಕೆ ಅಲುಗಾಡುತ್ತದೆ.' ಪೌಲ ಫಿಲೆಮೋನನಿಗೆ ಬರೆದ ಪತ್ರ 25 ವಚನ. ಎಂಟು ಜನ, ನಾಲ್ವರ ಎರಡು ಸರಪಳಿ. ಮೊದಲನೆಯವರು ಮಾತ್ರ ಮೂಲ ನೋಡಬೇಕು. ಉಳಿದವರು ಹಿಂದಿನವರ ಪ್ರತಿ ನೋಡಿ ಬರೆಯಬೇಕು. ಒಬ್ಬರಿಗೆ ಸುಮಾರು 40 ನಿಮಿಷ, ಆದ್ದರಿಂದ ದಿನಕ್ಕೊಬ್ಬರಂತೆ ಮನೆಯಲ್ಲೇ. ಮೂಲ ಲಕೋಟೆಯಲ್ಲಿ ಭದ್ರ. ಕೊನೆಯ ಎರಡು ಪ್ರತಿಗಳನ್ನು ಪಕ್ಕಪಕ್ಕ ಇಟ್ಟು ತಂಡವೇ ಮೂಲವನ್ನು ಕಟ್ಟಬೇಕು.

ಮೊದಲ ಸಲ ಅಚ್ಚಿನ ಪುಟವನ್ನೇ ಕೊಟ್ಟು ಕೆಟ್ಟೆ. ವಚನಸಂಖ್ಯೆ ಕಣ್ಣಿಗೆ ಆಧಾರವಾಗಿ ತಪ್ಪೇ ಬೀಳಲಿಲ್ಲ, ಝೆರಾಕ್ಸಿನ ಇನ್ನೂರು ಚಿಲ್ಲರೆ ರೂಪಾಯಿ ನೀರಿಗೆ. ಆಮೇಲೆ ಸಂಖ್ಯೆ ತೆಗೆಸಿ ಡಿಟಿಪಿ ಮಾಡಿಸಿದೆ, ಇನ್ನೊಂದು ಮುನ್ನೂರು. ಆಗ ಸರಿಯಾದ ತಪ್ಪುಗಳು ಬಿದ್ದವು: ಒಂದೇ ಪದದಲ್ಲಿ ಮುಗಿಯುವ ಎರಡು ಸಾಲುಗಳ ನಡುವಿನದ್ದು ಮಾಯ, 'ನಮ್ಮ' ಹೋಗಿ 'ನಿಮ್ಮ'. ಹಳೆಯ ಲಿಪಿಕಾರರು ಬಿದ್ದ ಗುಂಡಿಗಳೇ ಇವು. ಲಕೋಟೆ ಒಡೆದಾಗ ಒಂದೆರಡು ಪದ ಬಿಟ್ಟರೆ ಎಲ್ಲ ತಾಳೆ. ಇದಾದ ಮೇಲೆ ಮಾರ್ಕನ ಸುವಾರ್ತೆಯ ಕೊನೆಯ ವಚನಗಳು (16:9–20) ತೀರ ಹಳೆಯ ಸೀನಾಯ್, ವಾಟಿಕನ್ ಹಸ್ತಪ್ರತಿಗಳಲ್ಲಿ ಇಲ್ಲ ಎಂದರೆ ಯಾರೂ ಬೆಚ್ಚುವುದಿಲ್ಲ. ಆಕ್ಷೇಪಿಸಿದ ಹಿರಿಯರಲ್ಲಿ ಇಬ್ಬರು ಮುಂದಿನ ತಂಡಕ್ಕೆ ತಾವೇ ಹೆಸರು ಕೊಟ್ಟರು. ಯಾರನ್ನು ಯಾವ ಸರಪಳಿಯಲ್ಲಿ ಎಷ್ಟನೆಯವರಾಗಿ ಕೂರಿಸಬೇಕು ಎಂಬುದರಲ್ಲಿ ಅರ್ಧ ಕೆಲಸವಿದೆ. ಅದನ್ನು ಇಲ್ಲಿ ಬಿಚ್ಚಿಡುವುದಿಲ್ಲ.

ಪತ್ರದ ಬದಲು ಕೀರ್ತನೆ ಕೊಟ್ಟೂ ನೋಡಿದೆ. ಹಾಡಿ ಹಾಡಿ ಬಾಯಿಗೆ ಬಂದದ್ದನ್ನು ನೆನಪಿನಿಂದ ಬರೆದರು, ಪ್ರಯೋಗ ಠುಸ್.

ಯಾವುದು ಶಾಸ್ತ್ರ, ಅದರ ಅರ್ಥ ಹೇಳುವವರು ಯಾರು ಎಂಬ ಅಧಿಕಾರದ ಪ್ರಶ್ನೆ ಮೂರನೇ ವಾರಕ್ಕೆ ಇರಲಿ. ಕಾರವಾರದಲ್ಲಿ ಕೊಂಕಣಿ ಮನೆಮಾತಿನ ಕಥೋಲಿಕರೂ ಪ್ರೊಟೆಸ್ಟಂಟರೂ ಒಟ್ಟಿಗೆ ಕೂತರೆ ಬೈಬಲಿನಲ್ಲಿ ಕಥೋಲಿಕರ 73 ಪುಸ್ತಕವೋ ಪ್ರೊಟೆಸ್ಟಂಟರ 66ವೋ ಎಂದು ಮೊದಲ ದಿನವೇ ಶುರುವಾದೀತು. 1546ರಲ್ಲಿ ಕಥೋಲಿಕರ ಟ್ರೆಂಟ್ ಮಹಾಸಭೆ ಕೊಟ್ಟ ಪುಸ್ತಕಗಳ ಪಟ್ಟಿ ಒಂದು ಕಡೆ; ಶಾಸ್ತ್ರವೇ ಅಂತಿಮ ಅಳತೆ ಎನ್ನುವ ಪ್ರೊಟೆಸ್ಟಂಟ್ ಸುಧಾರಕರ ನಿಲುವು ಇನ್ನೊಂದು ಕಡೆ. ತೀರ್ಪು ಕೊಡಲು ಹೋಗಬೇಡಿ. 1965ರ ವಾಟಿಕನ್ ದಸ್ತಾವೇಜು 'ದೇಯಿ ವೆರ್ಬುಮ್' ಸಭೆಯ ಬೋಧನಾಧಿಕಾರ ದೇವರ ವಾಕ್ಯಕ್ಕಿಂತ ಮೇಲಲ್ಲ, ಅದರ ಸೇವೆಗಿದೆ ಎನ್ನುತ್ತದೆ. ಆ 10ನೇ ಪರಿಚ್ಛೇದವನ್ನು ಪ್ರೊಟೆಸ್ಟಂಟರಿಂದ ಓದಿಸಿ. 2 ಪೇತ್ರ 1:20, ಸ್ವಂತ ಇಷ್ಟದಂತೆ ಅರ್ಥ ಹೇಳುವುದರ ಬಗ್ಗೆ ಇರುವುದನ್ನು, ಕಥೋಲಿಕರಿಂದ ಬಿಡಿಸಿ. ಅರ್ಧ ಗಂಟೆ ಸದ್ದಿರುವುದಿಲ್ಲ.

ಇದಕ್ಕೆಲ್ಲ ಜೂನ್–ಜುಲೈಯೇ ಸರಿ. ಮೀನುಗಾರಿಕೆ ನಿಷೇಧದ 61 ದಿನ ಯಾಂತ್ರಿಕ ದೋಣಿಗಳು ದಡದಲ್ಲಿರುತ್ತವೆ, ಜನ ಸಿಗುತ್ತಾರೆ. ಇಂಕ್ ಪೆನ್ ಮಾತ್ರ ಬೇಡ. ಆ ತೇವಕ್ಕೆ ಮೂರನೇ ಪ್ರತಿ ಹರಡಿ ಓದಲು ಬಾರದಾಗುತ್ತದೆ.