ಎರಡನೇ ಶನಿವಾರದ ಕುಮಟಾ ಗುಂಪು: ನಮಗೆ ಬಡ್ತಿ ಸಿಕ್ಕ ಬಗೆ

ತಿಂಗಳಿಗೊಮ್ಮೆ ಕುಮಟಾದಲ್ಲಿ ಸೇರಿ ಒಬ್ಬರಿಗೊಬ್ಬರು ಕೆಲಸ ಕಲಿಸುವ, ಉದ್ಯೋಗಕ್ಕೆ ಹೋಗುವ ಹೆಂಗಸರ ಗುಂಪು ನಮ್ಮದು. ಈ ಸಲದ ಬಡ್ತಿ ಪಟ್ಟಿಗಳಲ್ಲಿ ನಮ್ಮ ಗುಂಪಿನ ನಾಲ್ವರ ಹೆಸರು ಬಂತು. ಇರುವವರೇ ಎಂಟೊಂಬತ್ತು ಜನ, ಅದರಲ್ಲಿ ನಾಲ್ವರು. ‘ಹರಟೆ ಹೊಡೆಯಲಿಕ್ಕೆ ಘಟ್ಟ ಇಳಿದು ಕುಮಟಾಕ್ಕೇ ಹೋಗಬೇಕಾ?’ ಎಂದು ಕೇಳಿದವರು ಆಫೀಸಿನಲ್ಲೂ ಇದ್ದರು, ಮನೆಯಲ್ಲೂ ಇದ್ದರು. ಅವರಲ್ಲೇ ಒಬ್ಬರು ಮೊನ್ನೆ ಫೋನ್ ಮಾಡಿ, ‘ನನ್ನ ಮಗಳನ್ನೂ ಸೇರಿಸಿಕೊಳ್ಳಿ ಮೇಡಂ’ ಅಂದರು. ಇನ್ನು ಬರೆಯಬಹುದು ಅನ್ನಿಸಿತು.

ನಾನು ಶಿರಸಿಯಲ್ಲಿ ಒಂದು ಖಾಸಗಿ ಬ್ಯಾಂಕಿನಲ್ಲಿದ್ದೇನೆ. ಗುಂಪಿನಲ್ಲಿ ಬ್ಯಾಂಕಿನವರು, ವಿಮೆಯವರು, ಫೈನಾನ್ಸ್ ಕಂಪನಿಯವರು ಇದ್ದಾರೆ. ಕಾರವಾರದಿಂದ ದಿನಾ ರೈಲು ಹಿಡಿದು ಗೋವಾದ ಔಷಧ ಕಂಪನಿಗೆ ಹೋಗುವ ಇಬ್ಬರು ಇದ್ದಾರೆ. ಮುಂದೆ ಬರುವ ಮೂರು ಮಾತು ಮೊದಲೇ ಹೇಳಿಬಿಡುತ್ತೇನೆ: ಅಪ್ರೈಸಲ್ ಅಂದರೆ ವರ್ಷದ ಕೆಲಸಕ್ಕೆ ಕಂಪನಿ ಹಾಕುವ ಅಂಕ, ಕೆಆರ್‌ಎ ಅಂದರೆ ಆ ಅಂಕಕ್ಕೆ ಲೆಕ್ಕ ಹಿಡಿಯುವ ಕೆಲಸಗಳ ಪಟ್ಟಿ, ಐಜೆಪಿ ಅಂದರೆ ಖಾಲಿ ಹುದ್ದೆಗೆ ಕಂಪನಿಯೊಳಗಿನವರಿಂದಲೇ ಅರ್ಜಿ ಕರೆಯುವ ಪ್ರಕಟಣೆ.

ಮೊದಲು ಏನೇನು ಕೈಕೊಟ್ಟಿತು ಅನ್ನೋದನ್ನು ಹೇಳುತ್ತೇನೆ. ಪ್ರತಿ ಮಾರ್ಚ್ 8ಕ್ಕೆ, ಮಹಿಳಾ ದಿನ ಅಂತ, ಮೇಲಿನ ಕಚೇರಿಯಿಂದ ಕೇಕು, ಗುಲಾಬಿ, ರಂಗೋಲಿ ಸ್ಪರ್ಧೆ. ಮಾರ್ಚ್ ಅಂದರೆ ನಮಗೆ ವರ್ಷಾಂತ್ಯ. ರಂಗೋಲಿ ಹಾಕಿ ಫೋಟೋ ಕಳಿಸಿ, ರಾತ್ರಿ ಎಂಟರವರೆಗೆ ಕೂತು ಬಾಕಿ ಕೆಲಸ ಮುಗಿಸಿದ್ದೇವೆ. ಆಮೇಲೆ ಮೆಂಟರ್ ಯೋಜನೆ ಬಂತು. ನನಗೆ ಸಿಕ್ಕ ಮೆಂಟರ್ ಮುಂಬೈಯ ದೊಡ್ಡ ಹುದ್ದೆಯವರು, ಒಳ್ಳೆಯವರೇ. ‘ಆತ್ಮವಿಶ್ವಾಸ ಬೆಳೆಸಿಕೊಳ್ಳಿ’ ಅಂದರು. ಶಿರಸಿ ಶಾಖೆಯಲ್ಲಿ ಕ್ರೆಡಿಟ್ ಟೇಬಲ್ಲು, ಅಂದರೆ ಸಾಲದ ಅರ್ಜಿ ನೋಡುವ ಕೆಲಸ, ಯಾರ ಕೈಯಲ್ಲಿದೆ, ಅದು ನನಗೆ ಯಾಕೆ ಸಿಗುತ್ತಿಲ್ಲ ಅನ್ನೋದು ಪಾಪ ಅವರಿಗೆ ಹೇಗೆ ಗೊತ್ತಾಗಬೇಕು?

ನಾವೇ ಮಾಡಿಕೊಂಡ ವಾಟ್ಸ್ಯಾಪ್ ಗುಂಪಿನಲ್ಲಿ ನೂರರ ಹತ್ತಿರ ಜನ ಸೇರಿದರು. ಎರಡು ತಿಂಗಳಲ್ಲಿ ಅದು ಗುಡ್ ಮಾರ್ನಿಂಗ್, ಸೀರೆ ಮಾರಾಟ, ಹೋಮ್‌ಮೇಡ್ ಎಣ್ಣೆಗೆ ಮೀಸಲಾಯಿತು. ಎಲ್ಲಕ್ಕಿಂತ ಹೊಟ್ಟೆ ಉರಿದದ್ದು ತರಬೇತಿಯ ದುಡ್ಡಿಗೆ. ಹುಬ್ಬಳ್ಳಿಯಿಂದ ಒಬ್ಬರು ಬಂದು ಎರಡು ದಿನ ‘ನಾಯಕತ್ವ’ ಹೇಳಿಕೊಟ್ಟರು. ತಲೆಗೆ ನಾಲ್ಕು ಸಾವಿರದ ಹತ್ತಿರ, ಊಟ ಬೇರೆ. ಅದೂ ನಮ್ಮ ಕೈಯಿಂದ. ಕನ್ನಡಿ ಮುಂದೆ ನಿಂತು ‘ನಾನು ಮಾಡಬಲ್ಲೆ’ ಅನ್ನಿಸಿದರು. ಆ ವರ್ಷವೂ ಸಂದರ್ಶನದಲ್ಲಿ ಅದೇ ಉತ್ತರ ಬಂತು: ‘ನಿಮಗೆ ಕ್ರೆಡಿಟ್ ಅನುಭವ ಇಲ್ಲ ಮೇಡಂ.’

ಗಂಟು ಇದ್ದದ್ದೇ ಅಲ್ಲಿ. ನಮ್ಮ ಕಡೆ ಸಾಲದ ಅರ್ಜಿ ಬಂದರೆ ತೋಟ ನೋಡಬೇಕು. ಗಂಡಸರು ಬೈಕ್ ಹತ್ತಿ ಸಿದ್ದಾಪುರದ ಮೂಲೆಗೂ ಹೋಗಿ ಬರುತ್ತಾರೆ. ಹೆಂಗಸರನ್ನು ಕೌಂಟರು ಮತ್ತು ಚಿನ್ನದ ಸಾಲಕ್ಕೆ ಕೂರಿಸುತ್ತಾರೆ. ಕಳಿಸದೆ ಅನುಭವ ಬರುವುದಿಲ್ಲ, ಅನುಭವ ಇಲ್ಲ ಅಂತ ಕಳಿಸುವುದಿಲ್ಲ. ಲಿಸ್ಟೆಡ್ (ಷೇರುಪೇಟೆಯಲ್ಲಿರುವ) ಕಂಪನಿಯ ಬೋರ್ಡಿನಲ್ಲಿ ಒಬ್ಬ ಮಹಿಳೆ ಇರಲೇಬೇಕು ಅಂತ 2013ರ ಕಂಪನಿ ಕಾಯಿದೆ ಹೇಳುತ್ತದೆ. ಶಾಖೆಯ ಕ್ರೆಡಿಟ್ ಕುರ್ಚಿಗೆ ಅಂಥ ಕಾಯಿದೆ ಯಾವುದೂ ಇಲ್ಲ.

ಹೀಗಾಗಿ ಸಣ್ಣ ಗುಂಪು ಮಾಡಿದೆವು. ನಿಯಮ ಒಂದೇ. ಬರುವವಳು ತನ್ನ ಕೆಲಸದ ಒಂದು ತುಂಡನ್ನು ಬೇರೆಯವರಿಗೆ ಕಲಿಸಬೇಕು, ಒಂದು ತುಂಡನ್ನು ಕಲಿತು ಹೋಗಬೇಕು. ಧೈರ್ಯ ಹೇಳುವುದು, ಕಷ್ಟ ತೋಡಿಕೊಳ್ಳುವುದು ಏನಿದ್ದರೂ ಊಟದ ಹೊತ್ತಿಗೆ.

ಜಾಗ ಕುಮಟಾ. ಶಿರಸಿಯವರು ದೇವಿಮನೆ ಘಟ್ಟ ಇಳಿದರೆ ಆಯಿತು, ಹೊನ್ನಾವರದವರಿಗೆ ಹತ್ತಿರ, ಕಾರವಾರ ಮತ್ತು ಅಂಕೋಲೆಯವರಿಗೆ ಬಸ್ಸೂ ಉಂಟು, ರೈಲೂ ಉಂಟು. ದಿನ ಎರಡನೇ ಶನಿವಾರ, ಬ್ಯಾಂಕಿಗೆ ರಜೆ. ಫೈನಾನ್ಸಿನವರು ಅರ್ಧ ದಿನ ರಜೆ ಹಾಕಿ ಬರುತ್ತಾರೆ. ಮೊದಲು ಬಸ್ಸಿಗೇ ಒಬ್ಬೊಬ್ಬರಿಗೆ ನೂರೈವತ್ತು, ಇನ್ನೂರು ಹೋಗುತ್ತಿತ್ತು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದದ್ದೇ ಬಂದದ್ದು, ಆ ಖರ್ಚು ಸೊನ್ನೆ. ನಿಜ ಹೇಳಬೇಕೆಂದರೆ ಶಕ್ತಿ ಬರದಿದ್ದರೆ ಗುಂಪು ಆರು ತಿಂಗಳೂ ಬಾಳುತ್ತಿರಲಿಲ್ಲ. ಮನೆಯಲ್ಲಿ ‘ಸುಮ್ನೆ ಬಸ್ಸಿಗೆ ದುಡ್ಡು ದಂಡ’ ಅನ್ನುವ ಮಾತಿಗೆ ಜಾಗವೇ ಉಳಿಯಲಿಲ್ಲ. 2024ರ ಜುಲೈನಲ್ಲಿ ಶಿರೂರು ಗುಡ್ಡ ಕುಸಿದು ಹೆದ್ದಾರಿ ಬಂದ್ ಆದಾಗ ಮಾತ್ರ ಫೋನಿನಲ್ಲೇ ಸುಧಾರಿಸಿದೆವು.

ತಿಂಗಳಿಗೆ ತಲೆಗೆ 200 ರೂಪಾಯಿ. ಬಿಟ್ಟಿ ಇಟ್ಟಿದ್ದಾಗ ಅರ್ಧಕ್ಕರ್ಧ ಜನ ಬರುತ್ತಿರಲಿಲ್ಲ. ಈಗ ಬಂದರೂ ಬರದಿದ್ದರೂ ಕೊಡಲೇಬೇಕು. ಅದರಲ್ಲಿ ಹೋಟೆಲಿನ ಹಿಂದಿನ ಕೋಣೆ, ತಿಂಡಿ, ಮಕ್ಕಳನ್ನು ನೋಡಿಕೊಳ್ಳಲು ಬರುವ ಹುಡುಗಿಗೆ ನಾನೂರೋ ಐನೂರೋ. ಮಿಕ್ಕಿದ್ದು ಜೆಎಐಐಬಿ ಅನ್ನುವ ಬ್ಯಾಂಕ್ ನೌಕರರ ಪರೀಕ್ಷೆ ಕಟ್ಟುವವರಿಗೆ ಕೈಸಾಲ. ನಡುವೆ ಒಂದು ಚೀಟಿಯನ್ನೂ ಶುರು ಮಾಡಿದ್ದೆವು. ಕೂಗಿದವರೆಲ್ಲ ಫ್ರಿಜ್ಜಿಗೆ ಕೂಗಿದರು, ಪರೀಕ್ಷೆಗೆ ಒಬ್ಬರೂ ಕೂಗಲಿಲ್ಲ. ಒಂದು ಸುತ್ತಿಗೇ ಮುಗಿಸಿಬಿಟ್ಟೆವು. ಬ್ಯಾಂಕಿನಲ್ಲಿರುವವರಿಗೆ ಚೀಟಿ ಸಹವಾಸ ಒಳ್ಳೆಯದೂ ಅಲ್ಲ.

ಕ್ರೆಡಿಟ್ ಕಲಿಸಿದ್ದು ಹೊನ್ನಾವರದ ಅಕ್ಕ. ಗ್ರಾಹಕರ ಕಾಗದ ಹೊರಗೆ ತರುವಂತಿಲ್ಲ, ಸರಿ. ನಮ್ಮ ನಮ್ಮ ಮನೆಯ ಪಹಣಿಯನ್ನೇ ತಂದು ಸಾಲದ ಪ್ರಸ್ತಾವ ಬರೆದೆವು. ಅಕ್ಕ ಹೇಳಿಕೊಟ್ಟದ್ದು ಹೀಗೆ: ಪಹಣಿಯ ಹನ್ನೊಂದನೇ ಕಾಲಮ್ಮಿನಲ್ಲಿ ಹಳೇ ಸೊಸೈಟಿ ಸಾಲ ಇನ್ನೂ ಕೂತಿರುತ್ತದೆ, ಮೊದಲು ಅದನ್ನು ನೋಡು. ತೋಟದ ಜೊತೆ ಸೊಪ್ಪಿನ ಬೆಟ್ಟ ತೋರಿಸುತ್ತಾರೆ, ಅದು ಅರಣ್ಯದ ಜಾಗ, ಅಡಮಾನದ ಲೆಕ್ಕಕ್ಕೆ ಹಿಡಿಯಬೇಡ. ಚಾಲಿ (ಹಣ್ಣಡಿಕೆ ಒಣಗಿಸಿ ಸುಲಿದದ್ದು) ಮಾಡುವವರಿಗೆ ದುಡ್ಡು ಕೈಗೆ ಬರುವ ತಿಂಗಳು ಬೇರೆ, ಕೆಂಪಡಿಕೆ (ಹಸಿ ಅಡಿಕೆ ಬೇಯಿಸಿ ಒಣಗಿಸಿದ್ದು) ಮಾಡುವವರಿಗೆ ಬೇರೆ, ಕಂತನ್ನು ಅದಕ್ಕೆ ಹೊಂದಿಸು. ಇಂಥವು. ಅಂದ ಹಾಗೆ, ನಾವು ತಂದ ಅಷ್ಟೂ ಪಹಣಿಗಳಲ್ಲಿ ಹೆಂಗಸಿನ ಹೆಸರು ಇದ್ದದ್ದು ಒಂದರಲ್ಲಿ. ಅದೂ ತೀರಿಹೋದ ಅಜ್ಜಿಯದು.

ಹೀಗೆ ನಾಲ್ಕೈದು ಪ್ರಸ್ತಾವ ಬರೆದು ಕೈ ಪಳಗಿದ ಮೇಲೆ ಮ್ಯಾನೇಜರ್ ಹತ್ತಿರ ಹೋಗಿ, ‘ಸರ್, ಆ ಬಾಕಿ ಇರುವ ರಿನ್ಯೂವಲ್ ಫೈಲುಗಳನ್ನು ನಾನು ನೋಡಲಾ?’ ಅಂತ ಕೇಳಿದೆ. ಹಳೇ ಸಾಲ ನವೀಕರಿಸುವ, ಯಾರಿಗೂ ಬೇಡವಾದ ಫೈಲುಗಳವು. ‘ನೋಡಿ, ಆಮೇಲೆ ಕೌಂಟರ್ ಕೆಲಸ ಬಾಕಿ ಅನ್ನಬೇಡಿ’ ಅಂದರು. ಕೌಂಟರನ್ನು ಬಾಕಿ ಇಡಲಿಲ್ಲ. ವರ್ಷದ ಕೊನೆಗೆ ಮೂವತ್ತರ ಆಸುಪಾಸು ಫೈಲು ನನ್ನ ಸಹಿಯಲ್ಲಿ ಹೋಗಿದ್ದವು.

ಬೇಡವಾದ ಕೆಲಸ ಹಿಡಿಯುವುದರಲ್ಲಿ ಒಂದು ಎಚ್ಚರ ಬೇಕು. ಅದು ಲೆಕ್ಕಕ್ಕೆ ಸಿಗುವ ಕೆಲಸ ಆಗಿರಬೇಕು. 2024ರ ಮಾರ್ಚ್‌ನಲ್ಲಿ ಮಾರಿಕಾಂಬಾ ಜಾತ್ರೆ. ಎರಡು ವರ್ಷಕ್ಕೊಮ್ಮೆ ಬರುವ ಜಾತ್ರೆ, ಆ ಸಲ ಸರಿಯಾಗಿ ವರ್ಷಾಂತ್ಯದ ಗಡಿಬಿಡಿಯಲ್ಲೇ ಬಂತು. ಜಾತ್ರೆ ಪೇಟೆಯಲ್ಲಿ ಮಳಿಗೆ ಹಾಕುವ ಕೆಲಸಕ್ಕೆ ಯಾರೂ ಕೈ ಎತ್ತಲಿಲ್ಲ. ನಾನು ಎತ್ತಿದೆ, ಆದರೆ ಮೊದಲೇ ಇಮೇಲಿನಲ್ಲಿ ‘ಇದರ ವ್ಯವಹಾರ ನನ್ನ ಕೆಆರ್‌ಎಯಲ್ಲಿ ಸೇರಬೇಕು’ ಅಂತ ಬರೆಸಿಕೊಂಡೆ. ಬಳೆ ಅಂಗಡಿಯಿಂದ ಹಿಡಿದು ತೊಟ್ಟಿಲು ತಿರುಗಿಸುವವರ ತನಕ ನೂರರ ಮೇಲೆ ಕ್ಯೂಆರ್ ಕೋಡ್, ಒಂದಿಷ್ಟು ಕರೆಂಟ್ ಖಾತೆ. ರಂಗೋಲಿಗೂ ಅಷ್ಟೇ ಹೊತ್ತು ಕೂರುತ್ತಿದ್ದೆವಲ್ವಾ?

ಕೆಲಸದ ಜಾಗದ ಲೈಂಗಿಕ ಕಿರುಕುಳದ ದೂರು ನೋಡುವ ಆಂತರಿಕ ದೂರು ಸಮಿತಿಯದೂ ಇದೇ ಮಾತು. ಹತ್ತು ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ ಸಮಿತಿ ಇರಬೇಕು, ಅದಕ್ಕೆ ಹಿರಿಯ ಹುದ್ದೆಯ ಮಹಿಳೆ ಅಧ್ಯಕ್ಷೆ, ಅರ್ಧದಷ್ಟಾದರೂ ಮಹಿಳೆಯರು. ಹಾಗಾಗಿ ನಮ್ಮನ್ನು ಹುಡುಕಿಕೊಂಡು ಬರುತ್ತಾರೆ. ಹೋಗಿ, ಒಳ್ಳೆಯದೇ, ಎಚ್‌ಆರ್ ದೊಡ್ಡವರ ಜೊತೆ ಮಾತಾಡುವ ದಾರಿ ಅದು. ಆದರೆ ಅದನ್ನೂ ಅಪ್ರೈಸಲ್‌ನಲ್ಲಿ ಬರೆಸಿಕೊಳ್ಳಿ. ಇಲ್ಲದಿದ್ದರೆ ‘ಲೇಡೀಸ್ ಕೆಲಸ’ ಅಂತ ಬದಿಗೆ ಸರಿಸುತ್ತಾರೆ.

ಹೆರಿಗೆ ರಜೆಗೆ ನಾವು ಕಂಡುಕೊಂಡ ಉಪಾಯ ನನಗೆ ಎಲ್ಲಕ್ಕಿಂತ ಹೆಮ್ಮೆಯದು. 26 ವಾರದ ರಜೆ ಕಾನೂನೇ ಕೊಟ್ಟಿದೆ. ಆದರೆ ಮರಳಿ ಬಂದವಳಿಗೆ ರೇಟಿಂಗ್ ಮಾತ್ರ ‘ಸಾಧಾರಣ’, ಯಾಕೆಂದರೆ ಅವಳ ಕೆಲಸ ಯಾರಿಗೂ ನೆನಪಿರುವುದಿಲ್ಲ. ಅಂಕೋಲೆಯ ತಂಗಿ ರಜೆಗೆ ಹೋಗುವ ವಾರದ ಮುಂಚೆ ಅಲ್ಲಿಯವರೆಗಿನ ಅಂಕಿಸಂಖ್ಯೆಗಳನ್ನೆಲ್ಲ ಇಮೇಲ್ ಮಾಡಿ ಮ್ಯಾನೇಜರರಿಂದ ‘ಸರಿಯಿದೆ’ ಅನ್ನಿಸಿಕೊಂಡಳು. ರಜೆಯಲ್ಲಿದ್ದಾಗ ನಮ್ಮಲ್ಲೊಬ್ಬರು ತಿಂಗಳಿಗೊಮ್ಮೆ ಫೋನ್ ಮಾಡಿ ಹೊಸ ಸುತ್ತೋಲೆ, ವರ್ಗಾವಣೆ, ಯಾರು ಎಲ್ಲಿಗೆ ಹೋದರು ಎಲ್ಲ ಹೇಳುತ್ತಿದ್ದೆವು. ಮಗು ಅಳುತ್ತಿದ್ದರೂ ಕೇಳಿಸಿಕೊಂಡಳು, ಪುಣ್ಯಾತ್ಗಿತ್ತಿ. ಬಂದ ವರ್ಷವೇ ‘ಉತ್ತಮ’ ಸಿಕ್ಕಿತು, ಮಾರನೇ ವರ್ಷ ಬಡ್ತಿ.

ಖಾಲಿ ಹುದ್ದೆಯ ವಿಷಯ ಐಜೆಪಿ ಬರುವ ಮೊದಲೇ ನಮಗೆ ಹೇಗೆ ಗೊತ್ತಾಗುತ್ತದೆ ಅಂತ ಜಾಸ್ತಿ ಜನ ಕೇಳುತ್ತಾರೆ. ಅದನ್ನು ಹೇಳುವುದಿಲ್ಲ. ಕಳ್ಳದಾರಿ ಏನಲ್ಲ, ಬೇರೆ ಬೇರೆ ಕಂಪನಿಯವರು ಒಂದೇ ಮೇಜಿಗೆ ಕೂತರೆ ತಾನಾಗಿ ಸಿಗುತ್ತದೆ ಅನ್ನೋದಷ್ಟೇ ಸುಳಿವು. ಸಂದರ್ಶನದ ಅಣಕು ಅಭ್ಯಾಸದಲ್ಲಿ ನಾವು ಕೇಳುವ ಕೊನೆಯ ಪ್ರಶ್ನೆಯೂ ನಮ್ಮಲ್ಲೇ ಇರಲಿ.

ದುಡ್ಡಿನ ಲೆಕ್ಕ ನೋಡಿದರೆ, ನನಗೆ ಕೈಗೆ ಬರುವ ಸಂಬಳ ತಿಂಗಳಿಗೆ ಎಂಟೊಂಬತ್ತು ಸಾವಿರ ಏರಿತು. ಇಷ್ಟು ವರ್ಷ ಗುಂಪಿಗೆ ಕೊಟ್ಟದ್ದೆಲ್ಲ ಸೇರಿಸಿದರೂ ಅದು ಒಂದು ತಿಂಗಳ ಏರಿಕೆಯಷ್ಟಾಗಲಿಕ್ಕಿಲ್ಲ. ಗೋವಾಕ್ಕೆ ಹೋಗುವ ಇಬ್ಬರದು ಬೇರೆ ಕತೆ. ಅವರಿಗೆ ಶಕ್ತಿ ಬಸ್ಸು ಗಡಿ ದಾಟುವುದಿಲ್ಲ, ಪಾಳಿ ಕೆಲಸ, ಶನಿವಾರ ಬರುವುದೇ ಕಷ್ಟ. ಒಬ್ಬಳು ಲೈನ್ ಸೂಪರ್‌ವೈಸರ್ ಆದಳು, ಇನ್ನೊಬ್ಬಳು ಇನ್ನೂ ಅಲ್ಲೇ ಇದ್ದಾಳೆ.

ಇನ್ನೂ ಬಗೆಹರಿಯದ್ದು ವರ್ಗಾವಣೆ. ನಾಲ್ವರಲ್ಲಿ ಒಬ್ಬರಿಗೆ ಬಡ್ತಿಯ ಜೊತೆ ಹುಬ್ಬಳ್ಳಿ ಬಂತು. ಅತ್ತೆಗೆ ಹುಷಾರಿಲ್ಲ, ಮಗ ಹತ್ತನೇ ಕ್ಲಾಸು. ಮನೆಯವರು ‘ಬಿಟ್ಟುಬಿಡು, ಮುಂದಿನ ಸಲ ನೋಡಿದರಾಯ್ತು’ ಅಂದರು. ಮುಂದಿನ ಸಲ ಅನ್ನೋದು ಇರುವುದಿಲ್ಲ ಅಂತ ನಮಗೆಲ್ಲ ಗೊತ್ತು. ಎರಡು ಶನಿವಾರ ಅದರ ಮೇಲೇ ಕೂತೆವು. ಕೊನೆಗೆ ಅವರು ಹೋದರು. ಏಳು ಸಾವಿರ ಬಾಡಿಗೆಯ ಕೋಣೆ, ಶುಕ್ರವಾರ ಸಂಜೆ ಬಸ್ಸಿಗೆ ಊರು, ಮಗನ ಟ್ಯೂಷನ್ನಿನ ಉಸ್ತುವಾರಿ ನಮ್ಮಲ್ಲಿಬ್ಬರದು. ಮರಳಿ ಕರಾವಳಿಗೆ ವರ್ಗ ಕೇಳುವ ಅರ್ಜಿಯ ಕರಡು ಈಗಲೇ ತಯಾರಾಗುತ್ತಿದೆ. ಬರುವ ಶನಿವಾರದ ಮೊದಲ ಕೆಲಸ ಅದೇ.