ಬ್ಯಾಂಕಿನವರು ‘ಸಕ್ಸೆಷನ್ ಸರ್ಟಿಫಿಕೇಟ್ ತನ್ನಿ’ ಅಂದರೆ ಏನು ಮಾಡಬೇಕು?

ಉತ್ತರಕ್ರಿಯೆ ಮುಗಿದು ನೆಂಟರೆಲ್ಲ ಹೊರಟ ಮೇಲೆ ಬೀರುವಿನಿಂದ ಪಾಸ್‌ಬುಕ್ಕು, ಎಫ್‌ಡಿ ರಸೀದಿಗಳು ಹೊರಬರುತ್ತವೆ. ಬ್ಯಾಂಕಿಗೆ ಹೋದರೆ ಕೌಂಟರಿನಲ್ಲಿ ಒಂದೇ ಮಾತು: ‘ಕೋರ್ಟಿನಿಂದ ಸಕ್ಸೆಷನ್ ಸರ್ಟಿಫಿಕೇಟ್ ತನ್ನಿ’. ಅಂದರೆ ತೀರಿಕೊಂಡವರ ಹಣ ಪಡೆಯಲು ವಾರಸುದಾರರಿಗೆ ಕೋರ್ಟು ಕೊಡುವ ಉತ್ತರಾಧಿಕಾರ ಪ್ರಮಾಣಪತ್ರ. ಅಲ್ಲಿಂದ ನೇರ ವಕೀಲರ ಕಚೇರಿ. ತಿಂಗಳುಗಟ್ಟಲೆ ಅಲೆದು ಪ್ರಮಾಣಪತ್ರ ಹಿಡಿದು ವಾಪಸ್ ಬಂದರೆ, ‘ಇದರಲ್ಲಿರುವ ಎಫ್‌ಡಿ ನಂಬರ್ ನಮ್ಮಲ್ಲಿಲ್ಲ’ ಎಂಬ ಉತ್ತರ. ಕೋರ್ಟಿನ ವರಾಂಡದಲ್ಲಿ ಇಂಥವರನ್ನು ನೋಡಿ ನೋಡಿ ಸಾಕಾಗಿ ಇದನ್ನು ಬರೆಯುತ್ತಿದ್ದೇನೆ. ಕೋರ್ಟಿನೊಳಗೆ ನಡೆಯುವುದು ಅಂಥ ಕಷ್ಟದ ಕೆಲಸವಲ್ಲ. ಕೆಡುವುದು ಅದಕ್ಕೂ ಮೊದಲು, ಮನೆಯಲ್ಲಿ ಕೂತು ಬರೆಯುವ ಎರಡು ಪಟ್ಟಿಗಳಲ್ಲಿ: ವಾರಸುದಾರರ ಪಟ್ಟಿ, ಹಣದ ಪಟ್ಟಿ.

ಹಂತ 1: ಕೋರ್ಟಿಗೆ ಹೋಗಲೇಬೇಕೇ?

ಖಾತೆಗೆ ನಾಮಿನಿ ಇದ್ದರೆ, ಅಥವಾ ಜಂಟಿ ಖಾತೆಯಲ್ಲಿ ‘ಇಬ್ಬರಲ್ಲಿ ಒಬ್ಬರು ಅಥವಾ ಬದುಕುಳಿದವರು’ ಎಂಬ ಷರತ್ತಿದ್ದರೆ, ಉತ್ತರಾಧಿಕಾರ ಪ್ರಮಾಣಪತ್ರಕ್ಕೆ ಬ್ಯಾಂಕು ಹಟ ಹಿಡಿಯುವಂತಿಲ್ಲ. ನಾಮಿನಿ ಇಲ್ಲದಿದ್ದರೂ, ವಿಲ್ ಮತ್ತು ತಕರಾರು ಎರಡೂ ಇಲ್ಲದಿದ್ದಲ್ಲಿ 15 ಲಕ್ಷ ರೂಪಾಯಿವರೆಗೆ, ಸಹಕಾರಿ ಬ್ಯಾಂಕಾದರೆ 5 ಲಕ್ಷದವರೆಗೆ, ಸರಳ ದಾಖಲೆಗಳ ಮೇಲೆಯೇ ಇತ್ಯರ್ಥ ಮಾಡಬೇಕೆಂದು ರಿಸರ್ವ್ ಬ್ಯಾಂಕು 2025ರಲ್ಲಿ ನಿರ್ದೇಶನ ಹೊರಡಿಸಿದೆ. ಕೌಂಟರಿನಲ್ಲಿರುವವರಿಗೆ ಇದು ಗೊತ್ತಿರಲೇಬೇಕೆಂದಿಲ್ಲ. ಬಾಯಿಮಾತಿನ ಜಗಳ ಬೇಡ. ‘ಯಾವ ಕಾರಣಕ್ಕೆ ಕೋರ್ಟಿನ ಪ್ರಮಾಣಪತ್ರ ಬೇಕು ಎಂಬುದನ್ನು ಲಿಖಿತವಾಗಿ ಕೊಡಿ’ ಎಂದು ಅರ್ಜಿ ಬರೆದು ಸ್ವೀಕೃತಿಯ ಸೀಲು ಹಾಕಿಸಿಕೊಳ್ಳಿ. ಎಷ್ಟೋ ಪ್ರಕರಣಗಳು ಇಲ್ಲಿಗೇ ಮುಗಿಯುತ್ತವೆ.

ನಾಮಿನಿ ಎಂದರೆ ಮಾಲೀಕ ಅಲ್ಲ, ಇದನ್ನು ಮರೆಯಬೇಡಿ. ಅವರು ಹಣ ಪಡೆದು ವಾರಸುದಾರರಿಗೆ ಹಂಚಬೇಕಾದವರು. ವಿಮೆಯ ವಿಷಯದಲ್ಲಿ 1984ರಲ್ಲಿ, ಬ್ಯಾಂಕ್ ಠೇವಣಿಯ ವಿಷಯದಲ್ಲಿ 2010ರಲ್ಲಿ, ಷೇರುಗಳ ವಿಷಯದಲ್ಲಿ 2023ರಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಹೇಳಿದೆ.

ಇನ್ನು ಜಮೀನು, ಮನೆ, ಸೈಟು. ಇವಕ್ಕೂ ಈ ಪ್ರಮಾಣಪತ್ರಕ್ಕೂ ಸಂಬಂಧವಿಲ್ಲ. 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯಡಿ ಅದು ಸಿಗುವುದು ಬರಬೇಕಾದ ಸಾಲ ಮತ್ತು ಷೇರು, ಬಾಂಡ್‌ನಂಥ ಭದ್ರತಾಪತ್ರಗಳಿಗೆ ಮಾತ್ರ. ಬ್ಯಾಂಕಿನ ಠೇವಣಿ ಕೂಡ ಕಾನೂನಿನ ಲೆಕ್ಕದಲ್ಲಿ ಬ್ಯಾಂಕು ತೀರಿಕೊಂಡವರಿಗೆ ಕೊಡಬೇಕಾದ ಸಾಲವೇ. ಜಮೀನಿಗೆ ಪೌತಿ ಖಾತೆ (ತೀರಿಕೊಂಡವರ ಹೆಸರಿನಿಂದ ವಾರಸುದಾರರ ಹೆಸರಿಗೆ ಖಾತೆ ಬದಲಾವಣೆ) ಮಾಡಿಸಿ, ಪಟ್ಟಣದ ಆಸ್ತಿಗೆ ಸ್ಥಳೀಯ ಸಂಸ್ಥೆಯಲ್ಲಿ ಖಾತಾ ಬದಲಾಯಿಸಿ. ಲಾಕರಿನ ಒಡವೆಯನ್ನೂ ಈ ಅರ್ಜಿಗೆ ತುರುಕಬೇಡಿ. ವಿಲ್ ಇದ್ದವರಿಗೊಂದು ಮಾತು: ಕರ್ನಾಟಕದ ಆಸ್ತಿಗೆ ಕರ್ನಾಟಕದಲ್ಲೇ ಬರೆದ ಹಿಂದೂಗಳ ವಿಲ್‌ಗೆ ಪ್ರೊಬೇಟ್ (ವಿಲ್ ಅಸಲಿ ಎಂದು ಕೋರ್ಟು ಕೊಡುವ ದೃಢೀಕರಣ) ಕಡ್ಡಾಯವಲ್ಲ. ಅದಿಲ್ಲದೆ ಏನೂ ಆಗದು ಎಂದು ಹೆದರಿಸುವವರ ಮಾತಿಗೆ ದುಡ್ಡು ಸುರಿಯಬೇಡಿ.

ಹಂತ 2: ಮರಣ ಪ್ರಮಾಣಪತ್ರ

21 ದಿನದೊಳಗೆ ನೋಂದಣಿ ಮಾಡಿಸಿ, ಅಗತ್ಯಕ್ಕಿಂತ ನಾಲ್ಕು ಪ್ರತಿ ಹೆಚ್ಚಿಗೆ ತೆಗೆದುಕೊಳ್ಳಿ, ಯಾವುದನ್ನೂ ಲ್ಯಾಮಿನೇಟ್ ಮಾಡಿಸಬೇಡಿ.

ಹಂತ 3: ವಾರಸುದಾರರ ಪಟ್ಟಿ

ನಾಡಕಚೇರಿಯಲ್ಲಿ ಅರ್ಜಿ ಕೊಟ್ಟರೆ ಗ್ರಾಮ ಆಡಳಿತ ಅಧಿಕಾರಿ ವಿಚಾರಣೆ ಮಾಡಿ, ವಂಶವೃಕ್ಷದ ದೃಢೀಕರಣ ಬರುತ್ತದೆ. ಕೋರ್ಟಿನ ಎದುರಿನ ಟೈಪಿಂಗ್ ಅಂಗಡಿಗಳಲ್ಲಿ ಛಾಪಾ ಕಾಗದದ ಮೇಲೆ ವಂಶವೃಕ್ಷ ಹೊಡೆದು ನೋಟರಿ ಸೀಲು ಒತ್ತಿಸಿಕೊಡುತ್ತಾರೆ. ಅದು ನೀವೇ ಬರೆದುಕೊಂಡ ಹೇಳಿಕೆ, ಅಷ್ಟೇ. ಅದನ್ನು ನಂಬಿ ಕೋರ್ಟಿಗೆ ಹೋಗಬೇಡಿ. ಅಂತರ್ಜಾಲದಲ್ಲಿ ‘ಮನೆಬಾಗಿಲಿಗೆ ವಾರಸುದಾರ ಪ್ರಮಾಣಪತ್ರ’ ಎಂದು ಪ್ಯಾಕೇಜು ಮಾರುವವರೂ ಬಹುಪಾಲು ಇಂಥದ್ದನ್ನೇ ಕಳಿಸುತ್ತಾರೆ.

ಪಟ್ಟಿಯಲ್ಲಿ ಬಿಟ್ಟುಹೋಗುವವರು ಮುಖ್ಯವಾಗಿ ಇಬ್ಬರು. ಮೊದಲನೆಯವರು ಮದುವೆ ಮಾಡಿ ಕೊಟ್ಟ ಹೆಣ್ಣುಮಕ್ಕಳು. ‘ಅವಳಿಗೆ ಮದುವೆಯಲ್ಲೇ ಕೊಟ್ಟಾಯ್ತು, ಅವಳೇನೂ ಕೇಳಲ್ಲ’ ಎನ್ನುತ್ತಾರೆ. ಕೇಳುವುದು ಬಿಡುವುದು ಅವಳಿಗೆ ಸೇರಿದ್ದು. ಹೆಸರು ಮಾತ್ರ ಇರಲೇಬೇಕು. ಎರಡನೆಯವರು ತೀರಿಕೊಂಡ ಗಂಡಸಿನ ತಾಯಿ. ಇದು ವಿದ್ಯಾವಂತರ ಮನೆಯಲ್ಲೂ ನಡೆಯುವ ಎಡವಟ್ಟು. ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ತಾಯಿ ಮೊದಲನೇ ವರ್ಗದ ವಾರಸುದಾರಳು, ಹೆಂಡತಿ ಮಕ್ಕಳ ಜೊತೆ ಅವಳಿಗೂ ಸಮಪಾಲು. ತಂದೆ ಎರಡನೇ ವರ್ಗ, ಹಾಗಾಗಿ ಅವರಿಗೆ ಇಲ್ಲ.

ಗಂಟು ಬೀಳುವುದು ಆಮೇಲೆ. ಒಬ್ಬರು 2016ರಲ್ಲಿ ತೀರಿಕೊಂಡರು ಎನ್ನಿ. ಹೆಂಡತಿ, ಇಬ್ಬರು ಮಕ್ಕಳು, ತಾಯಿ ಇದ್ದಾರೆ. ಎಲ್ಲರಿಗೂ ಕಾಲು ಪಾಲು. ಯಾರೂ ಅರ್ಜಿ ಹಾಕಲಿಲ್ಲ. 2019ರಲ್ಲಿ ಅಜ್ಜಿಯೂ ಹೋದರು. ಅಜ್ಜಿ ವಿಲ್ ಬರೆದಿಲ್ಲದಿದ್ದರೆ ಆ ಕಾಲು ಪಾಲು ತಾನಾಗಿ ಸೊಸೆ, ಮೊಮ್ಮಕ್ಕಳ ಕೈಗೆ ಬರುವುದಿಲ್ಲ. ಅಜ್ಜಿಯ ಎಲ್ಲ ಮಕ್ಕಳಿಗೂ, ಅಂದರೆ ಚಿಕ್ಕಪ್ಪ, ಸೋದರತ್ತೆಯರಿಗೂ ಹಂಚಿಕೆಯಾಗುತ್ತದೆ. ತೀರಿಕೊಂಡ ಮಗನ ಮಕ್ಕಳಿಗೆ ಅದರಲ್ಲಿ ಅವರ ಅಪ್ಪನ ಭಾಗ ಮಾತ್ರ. ಆದ್ದರಿಂದ ಅರ್ಜಿಯಲ್ಲಿ ಚಿಕ್ಕಪ್ಪನ ಹೆಸರೂ ಬೇಕು, ಅತ್ತೆಯ ಹೆಸರೂ ಬೇಕು. ಮಾತು ಬಿಟ್ಟಿರುವ ಮನೆಗಳಲ್ಲಿ ಇದು ಕಷ್ಟವೇ. ಆದರೂ ಮುಚ್ಚಿಡಬೇಡಿ. ಸುಳ್ಳು ಹೇಳಿ ಪಡೆದ ಪ್ರಮಾಣಪತ್ರವನ್ನು ಕೋರ್ಟು ರದ್ದು ಮಾಡಬಹುದು. ಗೊತ್ತಿದ್ದೂ ಸುಳ್ಳು ಬರೆದವರ ಮೇಲೆ ಕ್ರಿಮಿನಲ್ ಪ್ರಕರಣಕ್ಕೂ ಅವಕಾಶವಿದೆ. ಹೆಂಗಸರು ತೀರಿಕೊಂಡರೆ ಲೆಕ್ಕ ಬೇರೆ: ಗಂಡ, ಗಂಡುಮಕ್ಕಳು, ಹೆಣ್ಣುಮಕ್ಕಳು ಸಮ. ಮುಸ್ಲಿಮರಿಗೆ, ಕ್ರೈಸ್ತರಿಗೆ ಪಾಲಿನ ನಿಯಮ ಅವರವರದು, ಕೋರ್ಟಿನ ದಾರಿ ಒಂದೇ.

ಹಂತ 4: ಷೆಡ್ಯೂಲು ಬರೆಯುವುದು

ಇಲ್ಲಿ ಅವಸರ ಮಾಡಬೇಡಿ. ಅರ್ಜಿಯ ಕೊನೆಯಲ್ಲಿ ಬರುವ ಷೆಡ್ಯೂಲಿನಲ್ಲಿ, ಅಂದರೆ ಹಣದ ಪಟ್ಟಿಯಲ್ಲಿ, ಏನಿದೆಯೋ ಅದಕ್ಕಷ್ಟೇ ಪ್ರಮಾಣಪತ್ರ. ‘ಮೃತರ ಸಕಲ ಠೇವಣಿಗಳು’ ಎಂದು ಒಂದು ಸಾಲು ಬರೆದರೆ ನಡೆಯುವುದಿಲ್ಲ. ಒಂದು ಅಂಕಿ ತಪ್ಪಿದರೂ ಬ್ಯಾಂಕು ಹಣ ಕೊಡಲು ಒಲ್ಲೆ ಎನ್ನುತ್ತದೆ.

ಮೊದಲು ಪ್ರತಿ ಬ್ಯಾಂಕಿನಿಂದ ದಿನಾಂಕ, ಸೀಲು ಇರುವ ಪತ್ರ ತರಿಸಿ: ಗ್ರಾಹಕ ಸಂಖ್ಯೆ, ಖಾತೆ ಸಂಖ್ಯೆ, ಶಾಖೆ, ಮರಣದ ದಿನದ ಮೊತ್ತ, ಈಗಿನ ಮೊತ್ತ. ಬೀರುವಿನಲ್ಲಿ ಸಿಕ್ಕ ಹಳೆಯ ರಸೀದಿಯಿಂದ ನಂಬರ್ ಬರೆದುಕೊಳ್ಳುವುದೇ ಎಲ್ಲ ಅನರ್ಥಕ್ಕೂ ಮೂಲ. ಎಫ್‌ಡಿ ತಾನಾಗಿ ನವೀಕರಣವಾದಾಗ ಸಂಖ್ಯೆ ಬದಲಾಗಿರಬಹುದು. ಅಷ್ಟೇ ಅಲ್ಲ, ನಮ್ಮ ಹಿರಿಯರು ದುಡ್ಡಿಟ್ಟ ಬ್ಯಾಂಕುಗಳ ಹೆಸರೇ ಈಗಿಲ್ಲ. ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರಲ್ಲಿ ಎಸ್‌ಬಿಐಗೆ ಸೇರಿತು, ವಿಜಯಾ ಬ್ಯಾಂಕು 2019ರಲ್ಲಿ ಬ್ಯಾಂಕ್ ಆಫ್ ಬರೋಡಾಕ್ಕೆ, ಸಿಂಡಿಕೇಟ್ ಬ್ಯಾಂಕು 2020ರಲ್ಲಿ ಕೆನರಾ ಬ್ಯಾಂಕಿಗೆ, ಅದೇ ವರ್ಷ ಕಾರ್ಪೊರೇಷನ್ ಬ್ಯಾಂಕು ಯೂನಿಯನ್ ಬ್ಯಾಂಕಿಗೆ. ಷೆಡ್ಯೂಲಿನಲ್ಲಿ ಈಗಿನ ಹೆಸರು, ಹಳೆಯ ಹೆಸರು, ಈಗಿನ ಖಾತೆ ಸಂಖ್ಯೆ, ಹಳೆಯ ಸಂಖ್ಯೆ ನಾಲ್ಕನ್ನೂ ಬರೆಯಿರಿ.

ಮೊತ್ತದ ಮುಂದೆ ‘ಮತ್ತು ಪಾವತಿಯ ದಿನದವರೆಗಿನ ಬಡ್ಡಿ’ ಎಂದು ಸೇರಿಸಿ. ಇದಿಲ್ಲದೆ, ನಡುವಿನ ಬಡ್ಡಿಯನ್ನು ಕೊಡಬೇಕೇ ಬೇಡವೇ ಎಂದು ಬ್ಯಾಂಕು ಮತ್ತೆ ಪತ್ರ ಬರೆಯುತ್ತ ಕೂತದ್ದನ್ನು ಕಂಡಿದ್ದೇನೆ. ಷೇರುಗಳಾದರೆ ಫೋಲಿಯೊ ಅಥವಾ ಡಿಮ್ಯಾಟ್ ಸಂಖ್ಯೆ, ಷೇರುಗಳ ಸಂಖ್ಯೆ, ಜೊತೆಗೆ ‘ಬೋನಸ್, ವಿಭಜನೆಯಿಂದ ಬಂದ ಷೇರುಗಳು ಮತ್ತು ಡಿವಿಡೆಂಡ್ ಸಹಿತ’ ಎಂಬ ಮಾತು. ಅಪ್ಪ ಕೊಂಡಾಗ 100 ಇದ್ದದ್ದು ಇವತ್ತು 100 ಆಗಿಯೇ ಇರುತ್ತದೆಂಬ ಖಾತರಿಯಿಲ್ಲ.

ಗೊತ್ತಿಲ್ಲದ ಖಾತೆ ಇರಬಹುದೆಂಬ ಅನುಮಾನವಿದ್ದರೆ ರಿಸರ್ವ್ ಬ್ಯಾಂಕಿನ ‘ಉದ್ಗಮ್’ ಪೋರ್ಟಲಿನಲ್ಲಿ ಹುಡುಕಿ. 10 ವರ್ಷ ಯಾರೂ ಮುಟ್ಟದ ಠೇವಣಿಗಳು ಅಲ್ಲಿ ಹೆಸರಿನ ಮೇಲೆ ಸಿಗುತ್ತವೆ. ಆಮೇಲೆ ಹೊಸ ಖಾತೆ ಸಿಕ್ಕಿತೆಂದರೆ ಪ್ರಮಾಣಪತ್ರವನ್ನು ವಿಸ್ತರಿಸಲು ಭಾರತೀಯ ಉತ್ತರಾಧಿಕಾರ ಕಾಯ್ದೆಯ 376ನೇ ಕಲಮಿನಡಿ ಅರ್ಜಿ ಹಾಕಬಹುದು, ಹೊಸ ದಾವೆ ಬೇಡ. ಆದರೂ ಅದು ಇನ್ನೊಂದು ಸುತ್ತು.

ಹೆಸರಿನ ಕಾಟ ಇದಕ್ಕಿಂತ ಹೆಚ್ಚು. ಪಹಣಿಯಲ್ಲಿ ‘ರಾಮಯ್ಯ ಬಿನ್ ನಂಜಪ್ಪ’, ಪಾಸ್‌ಬುಕ್ಕಿನಲ್ಲಿ ‘ಎಚ್. ಎನ್. ರಾಮಯ್ಯ’, ಆಧಾರಿನಲ್ಲಿ ಬರೀ ‘ರಾಮಯ್ಯ’, ಸರ್ವಿಸ್ ರಿಜಿಸ್ಟರಿನಲ್ಲಿ ‘ರಾಮಣ್ಣ’. ನಾಲ್ವರೂ ಒಬ್ಬರೇ ಎಂದು ಬ್ಯಾಂಕಿನ ಕಂಪ್ಯೂಟರಿಗೆ ಯಾರು ಹೇಳಬೇಕು? ಅರ್ಜಿಯ ಶೀರ್ಷಿಕೆಯಲ್ಲೇ ‘ಉರುಫ್’ ಹಾಕಿ ಎಲ್ಲ ರೂಪಗಳನ್ನೂ ಬರೆಸಿ. ಪ್ರಮಾಣಪತ್ರದಲ್ಲೂ ಹಾಗೇ ಬರುವಂತೆ ವಕೀಲರಿಗೆ ಮೊದಲೇ ಹೇಳಿ. ವಕೀಲರ ಗುಮಾಸ್ತರು ಹಳೆಯ ಕಡತದ ಮೇಲೆ ಹೊಸ ಹೆಸರು ಹೊಡೆದು ಅರ್ಜಿ ತಯಾರಿಸುವುದು ರೂಢಿ. ಹಿಂದಿನ ಕಕ್ಷಿದಾರರ ಊರು ನಿಮ್ಮ ಅರ್ಜಿಯಲ್ಲಿ ಉಳಿದಿರಬಹುದು. ಸಹಿ ಹಾಕುವ ಮುನ್ನ ಬ್ಯಾಂಕಿನ ಪತ್ರವನ್ನು ಪಕ್ಕದಲ್ಲಿಟ್ಟುಕೊಂಡು ಒಬ್ಬರು ಓದಿ, ಇನ್ನೊಬ್ಬರು ಬೆರಳಿಟ್ಟು ತಾಳೆ ನೋಡಿ.

ಹಂತ 5: ಅರ್ಜಿ, ನೋಟಿಸು, ಸಾಕ್ಷಿ

ಯಾವ ಕೋರ್ಟು? ತೀರಿಕೊಂಡವರು ಸಾಮಾನ್ಯವಾಗಿ ವಾಸವಿದ್ದ ಊರಿನದು. ತಿಪಟೂರಿನವರೊಬ್ಬರು ಚಿಕಿತ್ಸೆಗೆಂದು ಬಂದು ಬೆಂಗಳೂರಿನ ಆಸ್ಪತ್ರೆಯಲ್ಲಿ ತೀರಿಕೊಂಡರೆ ಮರಣ ಪ್ರಮಾಣಪತ್ರ ಬೆಂಗಳೂರಿನದಾಗಿರುತ್ತದೆ, ಕೋರ್ಟು ಮಾತ್ರ ತಿಪಟೂರಿನದೇ. ಜಿಲ್ಲೆ, ತಾಲ್ಲೂಕುಗಳಲ್ಲಿ ಹಿರಿಯ ಸಿವಿಲ್ ನ್ಯಾಯಾಧೀಶರ ಮುಂದೆ, ಬೆಂಗಳೂರಿನಲ್ಲಿ ಸಿಟಿ ಸಿವಿಲ್ ಕೋರ್ಟಿನಲ್ಲಿ ‘ಪಿ ಅಂಡ್ ಎಸ್‌ಸಿ’ (ಪ್ರೊಬೇಟ್ ಅಂಡ್ ಸಕ್ಸೆಷನ್ ಸರ್ಟಿಫಿಕೇಟ್) ಎಂಬ ತಲೆಬರಹದಡಿ ಪ್ರಕರಣ ದಾಖಲಾಗುತ್ತದೆ.

ಎಲ್ಲರಿಗೂ ಒಪ್ಪಿಗೆ ಇದ್ದರೆ ಎಲ್ಲರನ್ನೂ ಅರ್ಜಿದಾರರನ್ನಾಗಿಯೇ ಮಾಡಿ. ಒಬ್ಬ ಅರ್ಜಿದಾರ, ಉಳಿದವರು ಎದುರುದಾರರು ಎಂದು ಹಾಕುವ ಪದ್ಧತಿ ಇದೆ. ನನಗೆ ಅದು ಸರಿಬರುವುದಿಲ್ಲ. ತಂಗಿ ನ್ಯೂಜೆರ್ಸಿಯಲ್ಲಿದ್ದರೆ ಅಲ್ಲಿಗೆ ನೋಟಿಸು ಜಾರಿಯಾಗುವಷ್ಟರಲ್ಲಿ ಇನ್ನೊಂದು ಎಫ್‌ಡಿ ಅವಧಿ ಮುಗಿದಿರುತ್ತದೆ. ಅವಳಿಂದ ಅಪೊಸ್ಟಿಲ್ (ದಾಖಲೆ ಅಸಲಿ ಎಂದು ಅಲ್ಲಿನ ಸರ್ಕಾರ ಕೊಡುವ ದೃಢೀಕರಣ) ಆದ ಮುಖ್ತ್ಯಾರ್‌ನಾಮೆ (ಪವರ್ ಆಫ್ ಅಟಾರ್ನಿ) ತರಿಸಿ, ಅದು ಇಲ್ಲಿಗೆ ಬಂದ ಮೂರು ತಿಂಗಳೊಳಗೆ ಛಾಪಾ ಶುಲ್ಕ ಕಟ್ಟಿಸಿ.

ಆಮೇಲೆ ಪತ್ರಿಕೆಯಲ್ಲಿ ಪ್ರಕಟಣೆ, ಆಕ್ಷೇಪಣೆಗೆ ಗಡುವು, ಒಬ್ಬರ ಸಾಕ್ಷಿ, ದಾಖಲೆಗಳ ಗುರುತು, ಆದೇಶ. ಷೆಡ್ಯೂಲಿನ ಮೊತ್ತದ ಮೇಲೆ ಶೇಕಡಾವಾರು ಕೋರ್ಟ್ ಫೀ ಇದೆ, ಅದನ್ನು ಕಟ್ಟದೆ ಪ್ರಮಾಣಪತ್ರ ಕೈಗೆ ಬರದು. ಫೀ ಉಳಿಸಲು ಮೊತ್ತ ಇಳಿಸಿ ಬರೆಯುವ ಸಲಹೆ ಕೊಡುವವರಿದ್ದಾರೆ. ಹೀಗೆ ಉಳಿಸಿದ ಪುಡಿಗಾಸಿಗೆ ಬ್ಯಾಂಕಿನಲ್ಲಿ ಅಸಲೇ ಸಿಕ್ಕಿಬೀಳುತ್ತದೆ.

ಪ್ರಮಾಣಪತ್ರ ಪಡೆದವರು ಹಣ ವಸೂಲಿ ಮಾಡಬಹುದು, ಅವರಿಗೆ ಕೊಟ್ಟರೆ ಬ್ಯಾಂಕಿನ ಹೊಣೆ ತೀರುತ್ತದೆ. ಒಡೆತನದ ತೀರ್ಪು ಅದಲ್ಲ. ಪಾಲು ಸಿಗದವರು ಆಮೇಲೂ ದಾವೆ ಹೂಡಬಹುದು.

ಹಂತ 6: ಮಕ್ಕಳು ಅಪ್ರಾಪ್ತರಾಗಿದ್ದರೆ

ಹಣದ ವಿಷಯದಲ್ಲಿ ತಾಯಿ ಮಗುವಿನ ಪರವಾಗಿ ಅರ್ಜಿದಾರಳಾಗಬಹುದು. ಮಗುವಿನ ಪಾಲನ್ನು 18 ತುಂಬುವವರೆಗೆ ರಾಷ್ಟ್ರೀಕೃತ ಬ್ಯಾಂಕಿನಲ್ಲಿ ಠೇವಣಿ ಇಡಲು ಕೋರ್ಟು ಸಾಮಾನ್ಯವಾಗಿ ಹೇಳುತ್ತದೆ. ಸೈಟು, ಮನೆ ಮಾರುವ ಮಾತು ಬಂದಾಗ ಎಚ್ಚರ. ಅಪ್ಪನ ಸ್ವಯಾರ್ಜಿತ ಸೈಟಿನಲ್ಲಿ ಮಗುವಿಗೆ ಪಾಲು ಬಂದಿದ್ದರೆ, 1956ರ ಹಿಂದೂ ಅಪ್ರಾಪ್ತತೆ ಮತ್ತು ಪಾಲಕತ್ವ ಕಾಯ್ದೆಯ 8ನೇ ಕಲಮಿನಂತೆ ತಾಯಿಯೂ ಕೋರ್ಟಿನ ಪೂರ್ವಾನುಮತಿ ಇಲ್ಲದೆ ಅದನ್ನು ಮಾರುವಂತಿಲ್ಲ, ಅಡವಿಡುವಂತಿಲ್ಲ, 5 ವರ್ಷ ಮೀರಿ ಗುತ್ತಿಗೆ ಕೊಡುವಂತಿಲ್ಲ. ಆಸ್ತಿ ಇರುವ ಜಾಗದ ಜಿಲ್ಲಾ ನ್ಯಾಯಾಲಯ, ಬೆಂಗಳೂರಾದರೆ ಸಿಟಿ ಸಿವಿಲ್ ಕೋರ್ಟು. ಮಾರುವುದು ಅನಿವಾರ್ಯ, ಅಥವಾ ಮಗುವಿಗೇ ಲಾಭ ಎಂದು ತೋರಿಸಬೇಕು. ಶಾಲೆಯ ಫೀ, ಆಸ್ಪತ್ರೆಯ ಬಿಲ್ಲು, ಬ್ಯಾಂಕ್ ಸಾಲದ ನೋಟಿಸು ಜೊತೆಗಿರಲಿ. ‘ಕುಟುಂಬದ ಅಗತ್ಯಕ್ಕಾಗಿ’ ಎಂಬ ಒಂದು ಸಾಲಿಗೆ ಯಾವ ನ್ಯಾಯಾಧೀಶರೂ ಕರಗುವುದಿಲ್ಲ. ಅನುಮತಿ ಇಲ್ಲದ ಕ್ರಯಪತ್ರವನ್ನು ಮಗು ಪ್ರಾಪ್ತವಾದ 3 ವರ್ಷದೊಳಗೆ ಪ್ರಶ್ನಿಸಬಹುದು. ಕೊಳ್ಳುವವರು ಇದನ್ನು ಎರಡು ಸಲ ಓದಬೇಕು.

ಹಂತ 7: ನಕಲು

ಮೂಲ ಪ್ರಮಾಣಪತ್ರವನ್ನು ಯಾವ ಬ್ಯಾಂಕಿನಲ್ಲೂ ಬಿಟ್ಟು ಬರಬೇಡಿ. ತೋರಿಸಿ, ವಾಪಸ್ ತನ್ನಿ, ದೃಢೀಕೃತ ನಕಲು ಕೊಡಿ. ನಕಲು ಶಾಖೆಯಲ್ಲಿ ಅರ್ಜಿ ಹಾಕುವಾಗ ಪ್ರಕರಣದ ಸಂಖ್ಯೆ, ಆದೇಶದ ದಿನಾಂಕ ಸರಿಯಾಗಿರಲಿ. 16 ಅಕ್ಷರ ಮತ್ತು ಅಂಕಿಗಳ ಸಿಎನ್‌ಆರ್ ಸಂಖ್ಯೆ (ಪ್ರತಿ ಪ್ರಕರಣಕ್ಕೂ ಕೊಡುವ ಪ್ರತ್ಯೇಕ ಗುರುತಿನ ಸಂಖ್ಯೆ) ಗೊತ್ತಿದ್ದರೆ ಇ-ಕೋರ್ಟ್ಸ್ ಆ್ಯಪಿನಲ್ಲಿ ಎಲ್ಲವೂ ಕಾಣುತ್ತದೆ. ಮುಂದಿನ ತಾರೀಖು ತಿಳಿಯಲೆಂದು ಕೋರ್ಟಿಗೆ ಹೋಗುವ ಕಾಲ ಹೋಯಿತು. ಪ್ರಕರಣದಲ್ಲಿ ಪಕ್ಷಗಾರರಲ್ಲದವರು ನಕಲು ಕೇಳಿದರೆ ಕಾರಣ ತಿಳಿಸಿ ಅಫಿಡವಿಟ್ ಕೊಡಬೇಕಾಗುತ್ತದೆ. ನೋಂದಾಯಿತ ವಿಲ್ ಇದೆಯೆಂದು ಯಾರಾದರೂ ಅಂದರೆ ಅದನ್ನೂ ಪರೀಕ್ಷಿಸಬಹುದು: ಬರೆದವರು ಬದುಕಿರುವಷ್ಟು ದಿನ ಉಪನೋಂದಣಾಧಿಕಾರಿ ಅದರ ನಕಲನ್ನು ಬೇರೆಯವರಿಗೆ ಕೊಡುವುದಿಲ್ಲ, ತೀರಿಕೊಂಡ ಮೇಲೆ ಮರಣ ಪ್ರಮಾಣಪತ್ರ ಹಾಜರುಪಡಿಸಿ ಯಾರು ಬೇಕಾದರೂ ಪಡೆಯಬಹುದು. ಉತ್ತರಾಧಿಕಾರದ ಅರ್ಜಿ ಬರೆಸುವ ಮೊದಲೇ ಈ ವಿಚಾರಣೆ ಮುಗಿಸಿಕೊಳ್ಳಿ. ನಡುವೆ ವಿಲ್ ಹೊರಬಂದರೆ ಅರ್ಜಿ ತಕರಾರಿನದಾಗುತ್ತದೆ.